ಮೂರು ಸಲ ಸಾಯುವ ಪಾತ್ರ

ಪ್ರೀತಿಯ ಅಪ್ಪಾ,

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ, ಟಿವಿಯ ದನಿ ಪೂರ್ತಿ ಇಳಿಸಿ ಕೂರುತ್ತಿದ್ದದ್ದು ನಿಮಗೆ ನೆನಪಿದೆಯಾ? ಇಲ್ಲಿ ದುಬೈಯಲ್ಲಿ, ರಾಸ್ ಅಲ್ ಖೋರ್‌ನ ನಿಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಅದೊಂದೇ ದಿನ ರಜೆ. ಆ ಹೊತ್ತಿಗೆ ಯಾವುದಾದರೊಂದು ಹಳೆಯ ಹಾಲಿವುಡ್ ಕೌಬಾಯ್ ಸಿನಿಮಾ ಬರುತ್ತಿತ್ತು. ಬಿಳಿಯರಿಗೆ ಪುಟಗಟ್ಟಲೆ ಮಾತು; ಗುಡ್ಡದ ಮೇಲೆ ಗರಿ ಸಿಕ್ಕಿಸಿಕೊಂಡು ನಿಂತ ಮೂಲನಿವಾಸಿಗಳಿಗೆ ಬರೀ ಕೂಗು. ನಿಮಗೆ ಅದನ್ನು ಸಹಿಸಲು ಆಗುತ್ತಿರಲಿಲ್ಲ. ಅವರ ಮಾತನ್ನು ನೀವೇ ಆಡುತ್ತಿದ್ದಿರಿ, ಅದೂ ನಮ್ಮ ಮಂಗಳೂರು ಕನ್ನಡದಲ್ಲಿ. "ಯಾರು ಮಾರಾಯ್ರೆ ನೀವು? ಹೇಳದೆ ಕೇಳದೆ ಕುದುರೆ ಒಳಗೆ ತರುದಾ?" ಅಮ್ಮ ಅಡುಗೆಮನೆಯಿಂದಲೇ ನಗುತ್ತಿದ್ದಳು. ಆ ಗುಡ್ಡದ ಮೇಲಿನವರು ನಿಜವಾಗಿಯೂ ಹಾಗೇ ಹೇಳುತ್ತಾರೆಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಒಮ್ಮೆ ನೀವು ಟಿವಿಗೆ ಬೆರಳು ತೋರಿಸಿ, "ಇವ ಆಗ್ಲೇ ಸತ್ತವ ಅಲ್ವಾ? ಪುನಃ ಎಂತಕ್ಕೆ ಬಂದ?" ಎಂದಿರಿ. ಹೌದು, ಅದೇ ಮನುಷ್ಯ ಇನ್ನೊಮ್ಮೆ ಕುದುರೆಯಿಂದ ಉರುಳಿದ. ಹೆಸರೇ ಇಲ್ಲದವನು ಎಷ್ಟು ಸಲ ಸತ್ತರೆ ಯಾರಿಗೇನು? ಅವರ ಮುಖಂಡನ ಪಾತ್ರ ಮಾತ್ರ ಕಂದು ಬಣ್ಣ ಬಳಿದುಕೊಂಡ ಬಿಳಿಯನಿಗೆ. ನಿಜವಾದ ಕೌಬಾಯ್‌ಗಳಲ್ಲಿ ಕಪ್ಪು ಜನರು, ಮೆಕ್ಸಿಕೋದವರು ಎಷ್ಟೋ ಮಂದಿ ಇದ್ದರೆಂದು ದೊಡ್ಡವಳಾದ ಮೇಲೆ ಓದಿದೆ. ಆ ಸಿನಿಮಾಗಳಲ್ಲಿ ಅವರನ್ನು ಹುಡುಕಿಯೇ ನೋಡಬೇಕು.

ಹೋದ ವಾರ ನಿಮ್ಮ ಮೊಮ್ಮಗಳು ನಿಧಿ ಶಾಲೆಯಿಂದ ಬಂದವಳೇ ಹಾಲ್‌ನ ಕಾರ್ಪೆಟ್ ಮೇಲೆ ದೊಪ್ಪನೆ ಬಿದ್ದಳು. ನಾನು ಹೆದರಿ ಓಡಿ ಬಂದರೆ, "ಅಮ್ಮಾ, ಐ ಡೈ ತ್ರೀ ಟೈಮ್ಸ್" ಎಂದು ನಕ್ಕಳು. ವಾರ್ಷಿಕೋತ್ಸವಕ್ಕೆ ಕೌಬಾಯ್ ನಾಟಕವಂತೆ. ಮಕ್ಕಳು ಸಾಲದ್ದರಿಂದ, ಬಿದ್ದವರೇ ಪರದೆಯ ಹಿಂದಿನಿಂದ ಓಡಿ ಬಂದು ಮತ್ತೆ ಬೀಳಬೇಕು. ಊರು ಕಾಯುವ ಶೆರೀಫ್, ಅವನ ಹೆಂಡತಿ, ಅಂಗಡಿಯವ ಎಲ್ಲರೂ ಬೆಳ್ಳಗಿನ ಮಕ್ಕಳು. ಗರಿ ಸಿಕ್ಕಿಸಿಕೊಂಡು ಬೀಳುವವರೆಲ್ಲ ನಮ್ಮ ಬಣ್ಣದವರು. ಮೈಯೆಲ್ಲ ಉರಿದುಹೋಯಿತು ಅಪ್ಪಾ.

ಮರುದಿನವೇ ಸಿಲಿಕಾನ್ ಓಯಸಿಸ್‌ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಟೀಚರ್ ನಮ್ಮ ಉಡುಪಿ ಕಡೆಯವರೇ. "ಕ್ಲಾಸಿಕ್ ಥೀಮ್ ಅಲ್ವಾ ಮೇಡಂ, ನೋಡ್ಲಿಕ್ಕೆ ಒರಿಜಿನಲ್ ಹಾಗೆ ಇರ್ಬೇಕಲ್ಲ" ಎಂದರು. ಯಾವ ಒರಿಜಿನಲ್? ಹಾಲಿವುಡ್‌ನವರು ಅಂದು ಹೇಳಿದ ಸುಳ್ಳನ್ನು ಇಲ್ಲಿ ಕೂತು ನಾವೇ ನಮ್ಮ ಮಕ್ಕಳ ತಲೆಗೆ ತುಂಬಬೇಕೇ? ಬಾಯಿಗೆ ಬಂದದ್ದೆಲ್ಲ ಹೇಳಿದೆ. ಕೊನೆಗೆ ಅವರು, "ಆಯ್ತು, ನಿಧಿಗೆ ಒಂದು ಡೈಲಾಗ್ ಕೊಡುವ. ಅವಳೇ ಬರೀಲಿ, ಖಲಾಸ್" ಎಂದರು, ಭಿಕ್ಷೆ ಹಾಕುವವರ ಹಾಗೆ. ಮನೆಯಲ್ಲಿ ನಿಮ್ಮ ಅಳಿಯ ಬೇರೆ, "ಮಕ್ಕಳ ನಾಟಕ ಮಾರಾಯ್ತಿ, ಎಂತಕ್ಕೆ ಅಷ್ಟು ಬಿಪಿ ಏರಿಸಿಕೊಳ್ತೀ?" ಎಂದರು. ಮಕ್ಕಳ ನಾಟಕವೆಂದೇ ಅಲ್ಲವೇ ನನ್ನ ಸಿಟ್ಟು? ತಾನು ಇರುವುದೇ ಬೀಳುವುದಕ್ಕೆ ಎಂದು ಒಂಬತ್ತನೇ ವಯಸ್ಸಿಗೇ ಕಲಿತುಬಿಟ್ಟರೆ, ಮುಂದೆ ಅವಳು...

ನಿನ್ನೆ ಸಂಜೆ ನಿಧಿ ತನ್ನ ಮಾತು ರೆಡಿ ಎಂದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಶೆರೀಫ್ ಹುಡುಗ ಬಂದೂಕು ಎತ್ತಿ, ನೀನು ಎಲ್ಲಿಂದ ಬಂದೆ ಎಂದು ಕೇಳುತ್ತಾನಂತೆ. ಇವಳು ನೆಟ್ಟಗೆ ನಿಂತು, "ಐ ಲಿವ್ ಹಿಯರ್" ಎಂದಳು. ಅಷ್ಟೇ. ನಾನೂ ಈ ದುಬೈಯಲ್ಲೇ ಹುಟ್ಟಿದವಳು ಅಪ್ಪಾ, ಆದರೆ ವೀಸಾ ನವೀಕರಿಸುತ್ತಲೇ ಇಷ್ಟು ವರ್ಷ ಕಳೆದ ನನಗೆ ಆ ಮಾತನ್ನು ಒಮ್ಮೆಯೂ ಹಾಗೆ ಹೇಳಲು ಬಂದಿಲ್ಲ. ಕಣ್ಣು ತುಂಬಿ ಬಂತು.

"ಆಮೇಲೆ?" ಎಂದೆ.

"ದೆನ್ ಹಿ ಶೂಟ್ಸ್ ಮಿ" ಎಂದು ಕಾರ್ಪೆಟ್ ಮೇಲೆ ಬಿದ್ದು ತೋರಿಸಿದಳು.

ಮಾತು ಸಿಕ್ಕಿತು, ಬೀಳುವುದು ತಪ್ಪಲಿಲ್ಲ. ಸೋಮವಾರ ಬೆಳಿಗ್ಗೆ ಶಾಲೆಯ ಗೇಟು ತೆರೆಯುವ ಹೊತ್ತಿಗೆ ಮತ್ತೆ ಹೋಗಿ ನಿಲ್ಲುತ್ತೇನೆ.

ನಿಮ್ಮ ಮಗಳು,
ಸುಮನಾ