ಗುಲಾಬ್ ಉರುಫ್ ಮ್ಯಾನೇಜರ್

ನವೆಂಬರ್ 11, ಬೆಳಿಗ್ಗೆ 7

ಗುಲಾಬ್ ಎಂದಿನಂತೆ ಆರಕ್ಕೆ ಬಂದಳು. ಹಿತ್ತಿಲ ಗೋಡೆಯ ಕಿಂಡಿಯಿಂದ ಮೊದಲು ಮೂತಿ, ಆಮೇಲೆ ಉಳಿದ ನಾಯಿ. ಸಂಜೆಯಾದರೆ ಓಣಿ ಕಾಯುವ ಡ್ಯೂಟಿಗೆ ಹೋಗುತ್ತಾಳೆ, ಬೆಳಗಾದರೆ ಬರುತ್ತಾಳೆ. ಆರು ವರ್ಷದಲ್ಲಿ ಒಂದು ರಜೆ ಇಲ್ಲ. ಸಾತಾರಾ ಎಸ್‌ಟಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುತ್ತ ಮೈಕಿನ ಮುಂದೆ ಇಪ್ಪತ್ತೆಂಟು ವರ್ಷ ಕೂತ ನನಗೂ ಇಷ್ಟು ಶಿಸ್ತು ಇರಲಿಲ್ಲ.

ಹಾಲಿನಲ್ಲಿ ನೆನೆಸಿದ ಜೋಳದ ಭಾಕರಿ ಇಟ್ಟೆ. ಮೂಸಿ ಬಿಟ್ಟಳು. ನೀರು ಮಾತ್ರ ಬೋಗುಣಿಯ ತಳ ನೆಕ್ಕುವವರೆಗೆ. ಯಾರ ಮನೆಯಲ್ಲೋ ಖಾರದ ಮಟನ್ ರಸ್ಸಾ ಹೊಡೆದಿರಬೇಕು.

ನವೆಂಬರ್ 13

ಮಧ್ಯಾಹ್ನದೊಳಗೆ ಮೂರು ಸಲ ಬೋಗುಣಿ ತುಂಬಿದೆ. ಜಗಲಿಯ ಮೇಲೇ ಉಚ್ಚೆ ಹೊಯ್ದಳು. ಮರಿಯಿದ್ದಾಗಲೂ ಹಾಗೆ ಮಾಡಿದವಳಲ್ಲ. ಗದರಿದೆ. ಕಿವಿ ಹಿಂದೆ ಮಾಡಿ ನನ್ನನ್ನೇ ನೋಡಿದಳು — ಆಮೇಲೆ ನನಗೇ ನಾಚಿಕೆ.

ಕರಾಡದ ಉಷಾ ವಹಿನಿಗೆ ಫೋನ್ ಮಾಡಿದೆ. ಮೂಗು ಒದ್ದೆ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಹಾಗಿದ್ದರೆ ಏನೂ ಆಗಿಲ್ಲ ಎಂದಳು. ನಮ್ಮ ಅಣ್ಣನ ಹೆಂಡತಿಗೆ ಎಲ್ಲ ವಿಷಯದಲ್ಲೂ ಇಷ್ಟೇ ಬೇಗ ಸಮಾಧಾನ.

ನವೆಂಬರ್ 16, ಸಂಜೆ

ಗೊತ್ತಾಯಿತು! ಹೊಟ್ಟೆ ದಪ್ಪಗಾಗಿದೆ. ನವರಾತ್ರಿಯಲ್ಲಿ ಗೇಟಿನ ಮುಂದೆ ಗಂಡುನಾಯಿಗಳು ಕ್ಯೂ ನಿಂತಿದ್ದವಲ್ಲ... ಲೆಕ್ಕ ಹಾಕಿದೆ, ಆರು ವಾರ. ಮರಿಗಳು!

ಹಳೆಯ ಇಳಕಲ್ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿದೆ. ಅನ್ನಕ್ಕೆ ತುಪ್ಪ ಹಾಕಿದೆ, ತಿನ್ನಲಿಲ್ಲ. ಬಸುರಿಗೆ ಬಾಯಿ ಕೆಟ್ಟಿರುತ್ತದೆ. ಅರವತ್ತೆರಡನೆಯ ವಯಸ್ಸಿಗೆ ನಾನೂ ಅಜ್ಜಿ. ವಹಿನಿಗೆ ಹೇಳಿದೆ. ಒಂದು ಗಂಡುಮರಿ ತನಗೇ ಬೇಕಂತೆ.

ನವೆಂಬರ್ 17, ಸಂಜೆ 6

ದವಾಖಾನೆಯಿಂದ ಈಗಷ್ಟೇ ಬಂದೆ. ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಗುಲಾಬ್ ಬಂದವಳು ಕಿಂಡಿಯಲ್ಲೇ ಕೂತುಬಿಟ್ಟಳು. ಎತ್ತಿಕೊಂಡು ಬಂದೆ. ಹಳದಿ ವಾಂತಿ. ಬಾಲದ ಕೆಳಗೆ ಒಂದೇ ಸಮ ನೆಕ್ಕಿಕೊಳ್ಳುವುದು. ರಿಕ್ಷಾ ಕರೆದು ದನದ ದವಾಖಾನೆಗೆ ಹೊರಟೆ. ಹಿಂದಿನಿಂದ ಒಂದು ಸ್ಕೂಟರ್ ಹಾರ್ನ್ ಹೊಡೆಯುತ್ತ ಬೆನ್ನು ಹತ್ತಿತ್ತು. ತಿರುಗಿ ನೋಡಲಿಲ್ಲ.

ದವಾಖಾನೆಯಲ್ಲಿ ನೋಡುತ್ತೇನೆ, ಸ್ಕೂಟರಿನಿಂದ ಇಳಿದವನು ಶೇವಡೆ. ಹಿತ್ತಿಲ ಗೋಡೆಯ ಆಚೆಯವನು, ಕಂದಿ ಪೇಢೆ ಎಂಬ ಖೋವಾ ಸಿಹಿಯ ಅಂಗಡಿಯವನು. ಅವನ ಮೋರಿ ನೀರು ನನ್ನ ಕಡೆ ಹರಿದ ದಿನದಿಂದ ನಾಲ್ಕು ವರ್ಷ ಮಾತಿಲ್ಲ. ಮೈಮೇಲೆ ಬನಿಯನ್, ಕೈಯಲ್ಲಿ ಖೋವಾ ಹತ್ತಿದ ಸೌಟು.

"ನಮ್ಮ ಮ್ಯಾನೇಜರ್‌ನ ಎಲ್ಲಿಗೆ ಕದ್ದುಕೊಂಡು ಹೊಂಟೀರಿ, ಜಗದಾಳೆ ಬಾಯಿ?"

"ಯಾವ ಮ್ಯಾನೇಜರ್? ಇದು ನನ್ನ ಗುಲಾಬ್."

ಅವನು "ಮ್ಯಾನೇಜರ್" ಎಂದ. ಮೇಜಿನ ಮೇಲೆ ಮಲಗಿದ್ದ ಗುಲಾಬ್ ಬಾಲ ಆಡಿಸಿದಳು. ಆ ಸ್ಥಿತಿಯಲ್ಲೂ. ಓಣಿ ಕಾಯುವ ಡ್ಯೂಟಿಯಂತೆ! ಆರು ವರ್ಷದಿಂದ ಆ ಮನುಷ್ಯನ ಅಂಗಡಿಯಲ್ಲಿ ಊಟ ಮಾಡಿ ಮಲಗಿ ಬರುತ್ತಿದ್ದಳು.

ಡಾಕ್ಟರ್ ಭೋಯಿಟೆ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಜಗಳ ಒಂದು ನಿಮಿಷ ಕೇಳಿದಳು. ಆಮೇಲೆ ಅಂದಳು: "ಇಬ್ಬರೂ ಸುಮ್ನಾಗ್ರಿ. ಒಬ್ಬೊಬ್ಬರಾಗಿ ಏನೇನು ನೋಡೀರಿ ಹೇಳ್ರಿ."

ಬಾಯಾರಿಕೆ, ಉಚ್ಚೆ, ಊಟ ಬಿಟ್ಟದ್ದು — ನಾನು ಹೇಳಿದೆ. ಬುಧವಾರದಿಂದ ಎರಡು ಸಲ ವಾಂತಿ, ಮಲಗುವ ಗೋಣಿಯ ಮೇಲೆ ಕಂದು ಕಲೆ, ವಾಸನೆ — ಅವನು ಹೇಳಿದ. ಮಳ್ಳ, ಕಲೆಯನ್ನು ಕೆಟ್ಟ ಹಾಲು ಎಂದುಕೊಂಡಿದ್ದನಂತೆ. ನಾನು ಮಾತ್ರ ಏನು ಜಾಣೆ? ಮರಿ ಎಂದು ಸೀರೆ ಹಾಸಿದೆ.

ಹೊಟ್ಟೆಗೆ ಮಶೀನು ಇಟ್ಟು ನೋಡಿ ಡಾಕ್ಟರ್ ಅಂದಳು: "ಮರಿ ಇಲ್ಲ ಬಾಯಿ. ಗರ್ಭಚೀಲದ ತುಂಬ ಕೀವು ಆಗೇದ. ಬೆದೆ ಮುಗಿದು ಒಂದೆರಡು ತಿಂಗಳಿಗೆ ಹೆಣ್ಣುನಾಯಿಗಳಿಗೆ ಬರ್ತದ. ನೀವಿಬ್ಬರೂ ಹೇಳಿದ್ದು ಎರಡಲ್ಲ, ಒಂದೇ ರೋಗ. ಇವತ್ತೇ ಚೀಲ ತಗೀಬೇಕು. ನಾಳೆ ಅಂದ್ರ ತಡ ಆಗ್ತದ."

ಮರಿಗಳು ಅಂತ ನಾನು ಹೊಟ್ಟೆ ಸವರಿದ್ದೆ. ನಿನ್ನೆಯೆಲ್ಲ.

ಮೂಗು ಒದ್ದೆ ಇತ್ತಲ್ಲ ಎಂದೆ. ಮೂಗು ನಂಬಬೇಡಿ ಎಂದಳು. ತುಟಿ ಎತ್ತಿ, ಒಸಡು ಒತ್ತಿ ತೋರಿಸಿದಳು — ಬಿಟ್ಟ ಮೇಲೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಬರಬೇಕು. ಬರಲಿಲ್ಲ. ಬಿಳಿ, ಬಿಳಿ, ಆಮೇಲೆ ನಿಧಾನಕ್ಕೆ.

ಒಪ್ಪಿಗೆಯ ಕಾಗದದಲ್ಲಿ ಮಾಲೀಕರ ಸಹಿ ಎಂದು ಒಂದೇ ಗೆರೆ. ಶೇವಡೆ ಪೆನ್ನು ನನ್ನ ಕಡೆ ತಳ್ಳಿದ. ನಾನು ಅವನ ಕಡೆ. ಕೊನೆಗೆ ಇಬ್ಬರೂ ಹಾಕಿದೆವು. ನಾಯಿಯ ಹೆಸರು: ಗುಲಾಬ್ ಉರುಫ್ ಮ್ಯಾನೇಜರ್.

ಎರಡು ತಾಸು ಒಂದೇ ಬೆಂಚಿನ ಮೇಲೆ. ಅವನು ಗೋಡೆ ನೋಡುತ್ತ ಅಂದ: "ನೀವು ಮೈಕಿನ್ಯಾಗ ಹೇಳಿದ್ದು ಕೇಳಿ ಎರಡು ಸಲ ಕೋರೆಗಾಂವ್ ಬಸ್ ಹತ್ತೀನ್ರಿ. ಹೋಗಬೇಕಿದ್ದದ್ದು ಕೋಲ್ಹಾಪುರಕ್ಕ."

"ಕಿವಿ ತೋರಸ್ರಿ ಡಾಕ್ಟರಿಗೆ. ಇಲ್ಲೇ ಅದಾರ."

ಅವನು ನಕ್ಕ. ನಾನು ನಗಬಾರದು ಎಂದುಕೊಂಡೆ. ಆಮೇಲೆ ಅತ್ತೂ ಬಿಟ್ಟೆ. ಅವನು ಹೆಗಲ ಮೇಲಿನ ಟವಲ್ ಕೊಟ್ಟ. ಏಲಕ್ಕಿ ವಾಸನೆ.

ಚೀಲ ತೆಗೆದರು. ಉಸಿರಿದೆ. ಉಳಿದದ್ದು ನಾಳೆ ಹೇಳುತ್ತಾರಂತೆ.

ನವೆಂಬರ್ 18

ತಲೆ ಎತ್ತಿದಳು. ಒಸಡು ಗುಲಾಬಿ — ನಾನೇ ಒತ್ತಿ ನೋಡಿದೆ. ಆಮೇಲೆ ಶೇವಡೆಯವರು ಒತ್ತಿದರು. ಮತ್ತೆ ನಾನು. ಡಾಕ್ಟರ್ ನಮ್ಮಿಬ್ಬರನ್ನೂ ಹೊರಗೆ ಹಾಕಿದಳು.

ನವೆಂಬರ್ 22

ಗುಲಾಬ್ ನನ್ನ ಮನೆಯಲ್ಲಿ. ಹೊಲಿಗೆ ಬಿಚ್ಚುವವರೆಗೆ ಹಾರುವಂತಿಲ್ಲ, ಕಿಂಡಿಯಲ್ಲಿ ನುಸುಳುವಂತಿಲ್ಲ. ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ. ಅದು ಬಡಿದು ಬಡಿದು ನನ್ನ ಮೊಣಕಾಲು ಪೂರ್ತಿ ನೀಲಿ.

ಶೇವಡೆಯವರು ದಿನಕ್ಕೆರಡು ಸಲ ಓಣಿ ಸುತ್ತಿಕೊಂಡು ಮುಂಬಾಗಿಲಿಗೆ ಬರುತ್ತಾರೆ. ಮಾತ್ರೆಯನ್ನು ಪೇಢೆಯಲ್ಲಿ ಅಡಗಿಸಿ ಕೊಡಲು ನೋಡಿದರು. ಡಾಕ್ಟರ್ ಸಿಹಿ ಬೇಡ ಎಂದಿದ್ದಾಳೆ ಎಂದೆ. ಗುಲಾಬ್ ತೂಕ ಹೆಚ್ಚಂತೆ, ಇನ್ನು ಎರಡು ಮನೆಯವರೂ ಅಳತೆ ಮಾಡಿ ಹಾಕಬೇಕಂತೆ. ಪೇಢೆ ನಾನು ತಿಂದೆ. ಚೆನ್ನಾಗಿತ್ತು. ಹೇಳಲಿಲ್ಲ.

ನವೆಂಬರ್ 25

ಶೇವಡೆಯವರು ಮೋರಿಗೆ ಪೈಪ್ ಹಾಕಿಸಿದ್ದಾರೆ. ಯಾರೂ ಕೇಳದೆ. ಇವತ್ತು ಪೇಢೆ ಚೆನ್ನಾಗಿದೆ ಎಂದೆ.

ನವೆಂಬರ್ 29, ಬೆಳಿಗ್ಗೆ 11

ಹೊಲಿಗೆ ಬಿಚ್ಚಿದರು. ಬುಟ್ಟಿ ತೆಗೆದರು. ಗೇಟು ತೆರೆದು ಬಿಟ್ಟೆವು — ಯಾರ ಮನೆಗೆ ಹೋಗುತ್ತಾಳೆ, ನೋಡೋಣ ಅಂತ. ಅಂಗಡಿಗೇ ಎಂದರು ಶೇವಡೆ. ಎರಡು ಹೆಜ್ಜೆ ಹೋಗಿ ತಿರುಗಿ ಬರುತ್ತಾಳೆ ಎಂದೆ ನಾನು.

ಮೈ ಕೊಡವಿದಳು. ನನ್ನ ಮನೆ ಬಿಟ್ಟು ಹೊರಟಳು. ಓಣಿ ಸುತ್ತಿ ಅವರ ಅಂಗಡಿಯನ್ನೂ ದಾಟಿದಳು, ಹಿಂದೆ ನಾವು. ಓಣಿಯ ತುದಿಯ ಹಸಿರು ಬಾಗಿಲಿಗೆ ಹೋಗಿ ಕಾಲಿನಿಂದ ಕೆರೆದಳು. ಒಬ್ಬರು ಅಜ್ಜಿ ಆಮ್ಲೆಟ್ ತಟ್ಟೆ ಹಿಡಿದು ಹೊರಗೆ ಬಂದರು.

"ಬಂದ್ಯಾ ನನ್ನ ಸೋನುಬಾಯಿ? ಹದಿನೈದು ದಿನ ಎಲ್ಲಿ ಹಾಳಾಗಿ ಹೋಗಿದ್ದಿ?"

ಬಾಲ ಹೇಗೆ ಬಡಿಯಿತೆಂದರೆ ತಟ್ಟೆ ಕೆಳಗೆ.

ನಾನೂ ಶೇವಡೆಯವರೂ ಓಣಿಯಲ್ಲೇ ಕೂತು ನಕ್ಕೆವು. ಅಜ್ಜಿಯ ಹೆಸರು ಗೋದೂಬಾಯಿ. ದಿನಾ ಹತ್ತು ಗಂಟೆಗೆ, ನಾನು ಸ್ನಾನಕ್ಕೆ ಹೋಗುವ ಹೊತ್ತಿಗೆ, ಒಂದು ಆಮ್ಲೆಟ್ಟಂತೆ. ತೂಕ ಎಲ್ಲಿಂದ ಬಂತು ಎಂದು ಡಾಕ್ಟರ್ ಕೇಳಿದ್ದಕ್ಕೆ ಈಗ ಉತ್ತರ ಸಿಕ್ಕಿತು.

ಅವರನ್ನೂ ಕರೆದುಕೊಂಡು ಬಂದಿದ್ದೇವೆ. ಜಗಲಿಯ ಮೇಲೆ ಶೇವಡೆಯವರು ಒಸಡು ಒತ್ತುವುದನ್ನು ಅವರಿಗೆ ಕಲಿಸುತ್ತಿದ್ದಾರೆ. ಒಂದೇ ಬೆರಳಲ್ಲಿ ಒತ್ತಬೇಕು, ಅಜ್ಜಿ ಮೂತಿಯನ್ನೇ ಮುಷ್ಟಿ ತುಂಬ ಹಿಡಿದು... ಅಯ್ಯೋ, ಹಾಗಲ್ಲ, ಬಿಡಿ, ನಾನೇ —