ಚೀಲ ಹೊತ್ತು ನಿಂತವರ ಕೆಲಸ

ಸತ್ಯನಾರಾಯಣಪೇಟೆ, ಬಳ್ಳಾರಿ
ಏಪ್ರಿಲ್ 1977

ಪ್ರಿಯ ಗಾದೆಪ್ಪನಿಗೆ,

ನಿಮ್ಮೂರು ರಾರಾವಿ ಬಿಟ್ಟ ಮೇಲೆ ನೀನು ಎಲ್ಲಿದ್ದೀಯೆಂದು ನಿನ್ನ ಮನೆಯವರಿಗೂ ತಿಳಿಯದು. ಆದುದರಿಂದ ಈ ಪತ್ರಕ್ಕೆ ವಿಳಾಸವಿಲ್ಲ. ಆದರೂ ಇಂದು ನಡೆದುದನ್ನು ನಿನಗೇ ತಿಳಿಸಬೇಕು.

ನಿನ್ನ ತಂಗಿ ವಿರೂಪಮ್ಮನಿಗೆ ನಾಳೆ ಪಿ.ಯು.ಸಿ. ಭೌತಶಾಸ್ತ್ರದ ಪರೀಕ್ಷೆ. ಸಂಜೆ ಆಕೆ ಟ್ರಂಕು ಹಿಡಿದೇ ನನ್ನ ಮನೆಗೆ ಬಂದಳು. ಐದೂವರೆಗೆ ಸಿರುಗುಪ್ಪದ ಬಸ್ಸು. ಹತ್ತಿದರೆ ಮರಳುವವಳಲ್ಲ.

“ಇಂಗ್ಲಿಷ್ ತಲಿಗೆ ಹತ್ತವಲ್ದು ಸರ್. ಊರಿಗೆ ಹೋಗ್ತೀನ್ರಿ.”

“ಯಾವುದು ಹತ್ತವಲ್ದವ್ವ?”

“ವಸ್ತು ಜರುಗದಿದ್ರ ಕೆಲಸ ಸೊನ್ನೆ ಅಂತೈತಿ ಪುಸ್ತಕ. ಗಿರಣಿ ಮುಂದ ನೆಲ್ಲಿನ ಚೀಲ ಹೊತ್ತು ತಾಸುಗಟ್ಲೆ ನಿಂತ ನಮ್ಮಪ್ಪ ಏನೂ ಕೆಲಸ ಮಾಡಿಲ್ಲೇನ್ರಿ?”

ಐದು ವರ್ಷಗಳ ಹಿಂದೆ ನೀನೂ ತರಗತಿಯಲ್ಲಿ ಎದ್ದು ನಿಂತು ಇದನ್ನೇ ಕೇಳಿದ್ದೆ. “ಇಂಗ್ಲಿಷಿನಲ್ಲಿ ಕೇಳು” ಎಂದಿದ್ದೆ ನಾನು. ಹುಡುಗರೆಲ್ಲ ನಕ್ಕಿದ್ದರು. ಮರುದಿನ ನಿನ್ನ ಜಾಗ ಖಾಲಿಯಿತ್ತು.

ಇಂದು ಆಕೆಯನ್ನು ಕೂರಿಸಿ ಕನ್ನಡದಲ್ಲೇ ವಿವರಿಸಿದೆ: ಅಪ್ಪನ ದಣಿವು ನಿಜ; ಪುಸ್ತಕದ ‘ವರ್ಕ್’ ಬೇರೆ, ನಾವು ಕೆಲಸವೆನ್ನುವುದು ಬೇರೆ.

“ಹಂಗಂತ ಪುಸ್ತಕದಾಗ ಬರೀಬೇಕಿತ್ತಲ್ರಿ ಮತ್ತ!” ಎಂದು ನಕ್ಕು ಪೆನ್ನು ತೆಗೆದಳು. ಬಸ್ಸು ಹೋದುದು ಇಬ್ಬರಿಗೂ ತಿಳಿಯಲಿಲ್ಲ.

ಏಳುವಾಗ ಕೇಳಿದಳು: “ಅಣ್ಣನೂ ಇದನ್ನ ಕೇಳಿದ್ನಂತ. ಅವಾಗ ಏನ್ ಹೇಳಿದ್ರಿ ಸರ್?”

“ಹಾಲ್ ಟಿಕೆಟ್ ಮರೀಬ್ಯಾಡವ್ವ” ಎಂದೆ.

ನಿನ್ನ ಮೇಷ್ಟ್ರು,
ಮರಿಬಸಪ್ಪ