ಆಮೆನ್ ಅನ್ನುವವರೆಗೆ ತಟ್ಟೆ ಎತ್ತಬೇಡಿ

ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ದೊಡ್ಡಮ್ಮ ಊಟ ನಿರಾಕರಿಸುತ್ತಿದ್ದಾರಂತೆ. ಆದ್ದರಿಂದ ನಾಳೆ ಬೆಳಗ್ಗೆ ಅವರ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಲಾಗುವುದು, ಅದನ್ನು ಕಿತ್ತುಕೊಳ್ಳದಂತೆ ಸ್ವಾಧೀನವಿರುವ ಒಂದೇ ಕೈಯನ್ನು ಮಂಚಕ್ಕೆ ಕಟ್ಟಲಾಗುವುದು ಎಂದು ತಮ್ಮ ವಾರ್ಡಿನ ವೈದ್ಯರು ತಿಳಿಸಿದ್ದಾರೆ. ದೊಡ್ಡಮ್ಮ ಊಟ ನಿರಾಕರಿಸಿಲ್ಲ. ತಮ್ಮ ಆಸ್ಪತ್ರೆಯೇ ಅವರ ಮುಂದಿನ ತಟ್ಟೆ ಎತ್ತಿಕೊಂಡು ಹೋಗುತ್ತಿದೆ. ನಗೆಬರಹ ಬರೆದು ಬದುಕುವ ನನಗೆ ಗಂಭೀರ ವಿಷಯ ಕಂಡರೆ ಬೀದಿ ಬದಲಿಸುವ ಅಭ್ಯಾಸವಿದೆ. ಈ ಸಲ ಬೇರೆ ಬೀದಿಯೇ ಇಲ್ಲ.

ನನ್ನ ಸಂಶಯ ಶುರುವಾದದ್ದು ತಮ್ಮ ಊಟದ ಗಾಡಿಯ ಚಕ್ರದಿಂದ. ಅದು ಮೊಗಸಾಲೆಯ ಆ ತುದಿಯಲ್ಲಿ ಕಿರ್ರೆಂದರೆ ಸಾಕು, ಕಾವಲುಗಾರರು ಬಂದು ಕೋಳಿ ಅಟ್ಟಿದಂತೆ ನಮ್ಮನ್ನೆಲ್ಲ ಅಟ್ಟುತ್ತಾರೆ. "ಎಲ್ರೂ ಹೊರಗೆ ನಡೀರಿ, ಪೇಷಂಟ್ ಊಟದ ಟೈಮು!" ಸ್ವಾಮಿ, ಊಟದ ಹೊತ್ತಿಗೆ ಸರಿಯಾಗಿ ನೆಂಟರನ್ನು ಹೊರದಬ್ಬುವ ಮನೆಯನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಅಷ್ಟು ಗುಟ್ಟಿನದೇ ತಮ್ಮ ಸೂಪು? ಲಕ್ವ ಹೊಡೆದು ಬಲಗೈಯನ್ನೂ ಅರ್ಧ ಮಾತನ್ನೂ ಕಳೆದುಕೊಂಡ ಮುದುಕಿಯ ಪಕ್ಕ ಯಾರೂ ಇರಬಾರದೆಂದು ತಾವು ಆರಿಸಿಕೊಂಡ ಹೊತ್ತು ಊಟದ್ದೇ ಏಕೆ? ಬಾಗಿಲು ಮತ್ತೆ ತೆರೆದಾಗ ತಟ್ಟೆ ಇರುತ್ತಿರಲಿಲ್ಲ. ಬರಬರುತ್ತ ದೊಡ್ಡಮ್ಮನ ಕೆನ್ನೆಗಳೂ ಇಲ್ಲವಾದವು. ನುಂಗುವುದಕ್ಕೇನೂ ತೊಂದರೆಯಿಲ್ಲವೆಂದು ಪರೀಕ್ಷಿಸಿ ಹೇಳಿದವರು ತಮ್ಮವರೇ. ಹಾಗಿದ್ದರೆ ನುಂಗುತ್ತಿರುವವರು ಯಾರು? ಗಾಡಿಯವರ ಹೊಟ್ಟೆಯ ಸುತ್ತಳತೆಯನ್ನು ನಾನು ಕಣ್ಣಲ್ಲೇ ಅಳೆದದ್ದುಂಟು.

ನಿನ್ನೆ ಮಧ್ಯಾಹ್ನ "ದೊಡ್ಡಮ್ಮಂಗೆ ಕನ್ನಡಕ ಕೊಟ್ಟು ಬಂದ್ಬಿಡ್ತೀನಿ ಸಾರ್" ಎಂದು ಕಾವಲುಗಾರರನ್ನು ದಾಟಿದೆ. ಕನ್ನಡಕವನ್ನು ಅದಕ್ಕೂ ಮೊದಲೇ ಜೇಬಿಗಿಳಿಸಿಕೊಂಡವನು ನಾನೇ. ದೇವರು ಕ್ಷಮಿಸಲಿ, ತಾವು ಕ್ಷಮಿಸದಿದ್ದರೂ ನಡೆಯುತ್ತದೆ. ಪರದೆಯ ಮರೆಯಲ್ಲಿ ನಿಂತೆ.

ಗಾಡಿಯವರು ತಟ್ಟೆ ಇಟ್ಟು ಮುಂದಿನ ಮಂಚಕ್ಕೆ ಹೋದರು. ದೊಡ್ಡಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮೇಲಿಟ್ಟು, ಬೆರಳಿಗೆ ಬೆರಳು ಹೆಣೆದು, ಕಣ್ಣು ಮುಚ್ಚಿದರು. ನಾವು ಕ್ರೈಸ್ತರು, ದೇವರಿಗೆ ಸ್ತೋತ್ರ ಹೇಳದೆ ತುತ್ತು ಎತ್ತುವವರಲ್ಲ. ಅದರಲ್ಲೂ ದೊಡ್ಡಮ್ಮ ಸಂಡೇ ಸ್ಕೂಲಿನಲ್ಲಿ ನಮ್ಮೆಲ್ಲರ ಕಿವಿ ಹಿಂಡಿದವರು. ಕಣ್ಣು ಮುಚ್ಚಿದ ಮೇಲೆ ಆಮೆನ್ ಆಗುವ ತನಕ, ಮನೆಗೆ ಬೆಂಕಿ ಬಿದ್ದರೂ, ದೇವರ ಹೊರತು ಯಾರೊಂದಿಗೂ ಮಾತಿಲ್ಲ: ಇದು ಅವರ ಕಾನೂನು. ಮುಂಚೆ ಈ ಪ್ರಾರ್ಥನೆ ಬಡಿಸಿದ್ದು ಆರುವ ಮೊದಲೇ ಮುಗಿಯುತ್ತಿತ್ತು. ಈಗ ಒಂದೊಂದು ಪದವನ್ನೂ ಬಾವಿಯಿಂದ ಕೊಡ ಸೇದಿದಂತೆ ಗಂಟಲಿನಿಂದ ಎಳೆದು ತರಬೇಕು.

ಗಾಡಿಯವರು ವಾರ್ಡು ಸುತ್ತಿ ವಾಪಸು ಬಂದರು.

"ಅಮ್ಮಾ, ಊಟ ಬೇಡ್ವಾ?"

ಕಾನೂನು ಕಾನೂನೇ. ದೊಡ್ಡಮ್ಮ ಮುಂದಿನ ಪದ ಸೇದುತ್ತಿದ್ದರು.

"ಇವತ್ತೂ ಬೇಡ್ವಾ? ಹಿಂಗಾದ್ರೆ ಹೆಂಗಮ್ಮಾ? ತಟ್ಟೆ ಹಿಂದಕ್ಕೆ ಹೋಗ್ಲಿಲ್ಲ ಅಂದ್ರೆ ಅಡುಗೆಮನೆಯೋರು ನನ್ನ ಜೀವ ತೆಗೀತಾರೆ." ಪಾಪ, ನಿಜವಾಗಿಯೂ ನೊಂದುಕೊಂಡೇ ಮುಚ್ಚಳ ಮುಚ್ಚಿ, ತಟ್ಟೆ ಎತ್ತಿಕೊಂಡು ಕೂಗಿದರು: "ಸಿಸ್ಟರ್, ಕಿಟಕಿ ಪಕ್ಕದ ಅಜ್ಜಿ ಇವತ್ತೂ ಒಲ್ಲೆ ಅಂದ್ರು!"

ಅವರ ಹೊಟ್ಟೆಯ ಬಗ್ಗೆ ನಾನು ಪಟ್ಟ ಸಂಶಯವನ್ನು ಈ ಮೂಲಕ ಬಹಿರಂಗವಾಗಿ ಹಿಂತೆಗೆದುಕೊಳ್ಳುತ್ತೇನೆ. ತಮ್ಮ ಮೇಲಿನದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಏಕೆಂದರೆ ಆ ಕೂಡಲೇ ವೈದ್ಯರ ಬಳಿ ಓಡಿದೆ. "ಡಾಕ್ಟ್ರೇ, ಅವ್ರು ಬೇಡ ಅಂದಿಲ್ಲ, ಪ್ರಾರ್ಥನೆ ಮಾಡ್ತಿದ್ರು!" ಅವರು ತಲೆಯೆತ್ತಿ ಕೇಳಿದ್ದು ಒಂದೇ: "ಊಟದ ಟೈಮಲ್ಲಿ ನಿಮ್ಮನ್ನ ಒಳಗೆ ಬಿಟ್ಟೋರ್ ಯಾರು?" ನೋಡಿದಿರಾ ಈ ನ್ಯಾಯದ ಚಂದವನ್ನು? ಸಾಕ್ಷಿಗೆ ಒಳಗೆ ಪ್ರವೇಶವಿಲ್ಲ. ಪ್ರವೇಶಿಸಿದರೆ ಅವನ ಸಾಕ್ಷ್ಯಕ್ಕೆ ಬೆಲೆಯಿಲ್ಲ.

ಸಂಜೆ, ತಮ್ಮ ಕೃಪೆಯ ಭೇಟಿಯ ಹೊತ್ತಿನಲ್ಲಿ, ದೊಡ್ಡಮ್ಮನನ್ನೇ ಕೇಳಿದೆ. "ತಟ್ಟೆ ತಗೊಂಡೋಗ್ತಾರೆ ಅಂತ ನರ್ಸಿಗೆ ಒಂದ್ಸಲ ಸನ್ನೆ ಮಾಡ್ಬಾರ್ದಿತ್ತಾ?"

"ಪಾಪ... ಅವನಿಗೆ... ಬೈತಾರೆ."

"ಹೋಗ್ಲಿ, ಪ್ರಾರ್ಥನೆನಾದ್ರೂ ಸಣ್ಣದು ಮಾಡಿ. ಅಪ್ಪ, ಚಿಕ್ಕಪ್ಪ, ಸತ್ತೋರು, ಇದ್ದೋರು, ಪಕ್ಕದ್ಮನೆ ನಾಯಿ, ಎಲ್ಲಾ ಬೇಕಾ?"

ದೊಡ್ಡಮ್ಮ ಎಡಗೈಯ ಬೆರಳು ಮಡಚುತ್ತ ಒಬ್ಬೊಬ್ಬರನ್ನೇ ಎಣಿಸಿದರು. "ಯಾರನ್ನ... ಬಿಡ್ಲಿ?"

"ಈ ಆಸ್ಪತ್ರೆ ದೊಡ್ಡ ಸಾಹೇಬ್ರನ್ನ ಬಿಡಿ" ಎಂದೆ. ಎಡಗೈ ಬಂದು ನನ್ನ ಕಿವಿ ಹಿಂಡಿತು. ತಾವು ನಾಳೆ ಕಟ್ಟಿಸಲಿರುವುದು ಈ ಕೈಯನ್ನೇ. ಅದನ್ನು ಕಟ್ಟಿದರೆ ಇನ್ನೊಂದನ್ನು ಎತ್ತಿ ಜೋಡಿಸುವವರು ಯಾರು, ತಾವೇ?

ಲಕ್ವ ಹೊಡೆದವನೊಬ್ಬನನ್ನು ನಾಲ್ವರು ಹೊತ್ತು ತಂದು, ಬಾಗಿಲಲ್ಲಿ ಜಾಗವಿಲ್ಲದೆ, ಮಾಳಿಗೆ ಬಿಚ್ಚಿ ಯೇಸುಸ್ವಾಮಿಯ ಮುಂದೆ ಇಳಿಸಿದ್ದನ್ನು ನಮಗೆ ಹೇಳಿಕೊಟ್ಟವರೂ ದೊಡ್ಡಮ್ಮನೇ. ಯೇಸುಸ್ವಾಮಿ ಆ ನಾಲ್ವರನ್ನು 'ನಿಮ್ಮನ್ನು ಒಳಗೆ ಬಿಟ್ಟವರು ಯಾರು' ಎಂದು ಕೇಳಲಿಲ್ಲ. ರೋಗಿಗೆ ಮಾಡಬೇಕಾದ್ದನ್ನು ಮಾಡಿದರು. ತಮ್ಮ ಮಾಳಿಗೆ ಕಾಂಕ್ರೀಟಿನದು, ನನ್ನ ಸೊಂಟ ಹಳೆಯದು; ಅದಕ್ಕೇ ಈ ಪತ್ರ.

ನಾಳೆಯ ನಳಿಕೆಯನ್ನು ತಡೆಯಿರಿ. ಒಂದು ಊಟದ ಹೊತ್ತು ನನ್ನನ್ನು ಆ ಮಂಚದ ಪಕ್ಕ ಕೂರಿಸಿ, ಆಮೆನ್ ಆಗುವ ತನಕ ತಟ್ಟೆ ಅಲ್ಲೇ ಇರಲಿ. ಆಮೇಲೂ ದೊಡ್ಡಮ್ಮ ಉಣ್ಣದಿದ್ದರೆ ನಾನೇ ಬಾಯಿ ಮುಚ್ಚಿಕೊಂಡು ಹೋಗುತ್ತೇನೆ. ನಂಬಿಕೆಯಿಲ್ಲದಿದ್ದರೆ ತಾವೇ ಬಂದು ನಿಲ್ಲಿ, ಸ್ವಲ್ಪ ತಾಳ್ಮೆಯಿಂದ ನಿಲ್ಲಿ. ದೊಡ್ಡಮ್ಮನ ಪ್ರಾರ್ಥನೆಯಲ್ಲಿ ತಮ್ಮ ಸರದಿ ಬರುವುದು ಕಟ್ಟಕಡೆಗೆ. ಇಷ್ಟು ದಿನವೂ ಅವರು ಹಸಿದ ಹೊಟ್ಟೆಯಲ್ಲಿ ತಮ್ಮನ್ನು ಹರಸಿ ಕಣ್ಣು ತೆರೆಯುವ ಹೊತ್ತಿಗೆ ತಟ್ಟೆ ಹೊರಟುಹೋಗಿರುತ್ತಿತ್ತು.

ಇಂತಿ,
ಅದೇ ಪ್ರಾರ್ಥನೆಯಲ್ಲಿ ತಮಗಿಂತ ಒಂದೇ ಹೆಜ್ಜೆ ಮುಂದಿರುವ,
ವಾರ್ಡಿನ ಹೊರಗಿನ ಬೆಂಚಿನಲ್ಲಿ ಚಕ್ರದ ಸದ್ದಿಗೆ ಕಿವಿಗೊಟ್ಟು ಕೂತ,
ಕಿವಿ ಇನ್ನೂ ಕೆಂಪಗಿರುವ ತಂಗಿಯ ಮಗ